ಬಿದ್ದವರ ಲೆಕ್ಕ: ವೃದ್ಧಾಶ್ರಮದ ರಿಜಿಸ್ಟರ್ ಓದುವುದು ಹೇಗೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಶಿವಮೊಗ್ಗದಲ್ಲಿ ನರ್ಸಿಂಗ್ ಹೋಮ್ ಅಂದ್ರೆ ಹೆರಿಗೆ, ಆಪರೇಷನ್ ಮಾಡುವ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದ ಪುಸ್ತಕದಲ್ಲಿ ಅದೇ ಮಾತು ಬಂದರೆ ವಯಸ್ಸಾದವರು ವರ್ಷಗಟ್ಟಲೆ ಇದ್ದು ಆರೈಕೆ ಪಡೆಯುವ ಜಾಗ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ವೃದ್ಧಾಶ್ರಮ. ಇದು ಗೊತ್ತಿಲ್ಲದೆ ನಾನು ಅರ್ಧ ಪಾಠ ಸುಮ್ನೆ ಓದಿದ್ದೆ.

ಅಲ್ಲಿ 1987ರ ಕಾನೂನು ಬಂದ ಮೇಲೆ, ಸರ್ಕಾರದ ಹಣ ಪಡೆಯುವ ಹೋಮ್‌ಗಳು ಪ್ರತಿ ನಿವಾಸಿಯ ಸ್ಥಿತಿಯನ್ನು ಒಂದೇ ನಮೂನೆಯಲ್ಲಿ ತುಂಬಬೇಕು. ಹೆಸರು ಮಿನಿಮಮ್ ಡೇಟಾ ಸೆಟ್. 2008ರಿಂದ ಹೋಮ್‌ಗಳಿಗೆ ಐದರವರೆಗೆ ಸ್ಟಾರ್ ಕೂಡ ಕೊಡುತ್ತಾರೆ. ಪರೀಕ್ಷೆಗೆ ಇಷ್ಟು ಸಾಕು. ನಮ್ಮ ಕೈಗೆ ಸಿಗುವುದು ಮಾತ್ರ ರಟ್ಟು ಕಿತ್ತುಹೋದ ಉದ್ದ ನೋಟ್‌ಬುಕ್, ಹಾಗಾಗಿ ಅದರಿಂದಲೇ ಶುರು ಮಾಡೋಣ.

ಲೆಕ್ಕಕ್ಕೆ ಅಂತ ಒಂದು ಆಶ್ರಮ ಇಟ್ಟುಕೊಳ್ಳಿ. ಜೂನ್‌ನಲ್ಲಿ 24 ಜನ ಇದ್ದರು, 3 ಸಲ ಯಾರೋ ಬಿದ್ದರು. ಜುಲೈನಲ್ಲಿ 31 ಜನ, 4 ಸಲ ಬಿದ್ದರು. ಒಂದು ಜಾಸ್ತಿ ಆಯ್ತು, ಅಲ್ವಾ? ಇಲ್ಲ. ಜನರನ್ನು ದಿನಗಳಿಂದ ಗುಣಿಸಿ. ಜೂನ್‌ಗೆ 24×30, ಅಂದರೆ 720 ನಿವಾಸಿ ದಿನ. ಜುಲೈಗೆ 31×31, ಅಂದರೆ 961. ಬಿದ್ದ ಸಂಖ್ಯೆಯನ್ನು ಇದರಿಂದ ಭಾಗಿಸಿ 1000ದಿಂದ ಗುಣಿಸಿದರೆ ಸಾವಿರ ನಿವಾಸಿ ದಿನಕ್ಕೆ ಎಷ್ಟು ಸಲ ಬಿದ್ದರು ಅನ್ನುವ ದರ ಬರುತ್ತದೆ: ಎರಡೂ ತಿಂಗಳು ಸುಮಾರು 4.2. ಏನೂ ಬದಲಾಗಿಲ್ಲ. ಈ ಛೇದ ಮರೆತವರೇ ಜಾಸ್ತಿ, ನಾನೂ ಸೇರಿ.

ದರ ಬಂತು, ಆದರೆ ಕಾರಣ ಅದರಲ್ಲಿಲ್ಲ. ಅದಕ್ಕೆ ಎಷ್ಟು ಗಂಟೆಗೆ ಬಿದ್ದರು ಅಂತ ಬರೆಯುವ ಕಾಲಂ ಬೇಕು. ಬಿದ್ದ ಏಳರಲ್ಲಿ ಐದು ಬೆಳಗಿನ ಜಾವ ನಾಲ್ಕರಿಂದ ಆರರೊಳಗೆ ಅಂತಿಟ್ಟುಕೊಳ್ಳಿ. ಆಗ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ: ಮಳೆಗಾಲದಲ್ಲಿ ಕರೆಂಟ್ ಹೋಗಿತ್ತಾ, ನೆಲ ಬೆವರಿ ಜಾರುತ್ತಿತ್ತಾ, ಬಚ್ಚಲು ಹಿತ್ತಿಲಲ್ಲಿದೆಯಾ, ಆ ಹೊತ್ತಿಗೆ ಎಷ್ಟು ಜನ ಆಯಾ ಎಚ್ಚರ ಇದ್ದರು, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ಕೊಡುತ್ತಿದ್ದಾರಾ? ಮಾತ್ರೆಯ ಹೊತ್ತು ಬದಲಿಸುವುದು ಡಾಕ್ಟರ ಕೆಲಸ, ಆದರೆ ಅವರನ್ನು ಕೇಳುವ ಹಾಗೆ ಮಾಡುವುದು ಈ ಕಾಲಂ. ದುಬಾರಿ ಸಾಫ್ಟ್‌ವೇರ್‌ಗಿಂತ ಇದೊಂದು ಕಾಲಂ ಮೇಲು ಅಂತ ನನ್ನ ಅನಿಸಿಕೆ.

ತೂಕ ಇನ್ನೊಂದು. 30 ದಿನದಲ್ಲಿ 5% ಅಥವಾ 180 ದಿನದಲ್ಲಿ 10% ಇಳಿದರೆ ಎಚ್ಚರಿಕೆ. 48 ಕಿಲೋ ಇದ್ದ ಅಜ್ಜಿ ತಿಂಗಳಲ್ಲಿ 45.5ಕ್ಕೆ ಬಂದರೆ ಗೆರೆ ದಾಟಿದ ಹಾಗೆ. ಕಣ್ಣಿಗೆ ಇದು ಕಾಣುವುದಿಲ್ಲ, ಅದರಲ್ಲೂ ಸ್ವೆಟರ್ ಮೇಲೆ ಕಂಬಳಿ ಹೊದ್ದು ಕೂತವರಲ್ಲಿ. ಒಂದೇ ತಕ್ಕಡಿ, ಒಂದೇ ಹೊತ್ತು, ತೆಳು ಬಟ್ಟೆ. ಇಲ್ಲದಿದ್ದರೆ ನೀವು ಅಳೆಯುತ್ತಿರುವುದು ಸ್ವೆಟರನ್ನು.

ಈಗ ನನಗೆ ತಲೆ ತಿರುಗಿಸಿದ ವಿಷಯ. ತೀರ್ಥಹಳ್ಳಿ ಕಡೆಯ ಒಂದು ಆಶ್ರಮಕ್ಕೆ ಪ್ರಾಕ್ಟಿಕಲ್‌ಗೆ ಹೋಗಿದ್ದೆವು. ರಿಜಿಸ್ಟರ್‌ನಲ್ಲಿ ಆರು ತಿಂಗಳು ಒಬ್ಬರೂ ಬಿದ್ದಿರಲಿಲ್ಲ. ಖುಷಿಯಾಗಿ ಸೊನ್ನೆ ಬರೆದುಕೊಂಡೆ. ಮಧ್ಯಾಹ್ನ ಖರ್ಚಿನ ಫೈಲ್ ತಿರುವುವಾಗ ತಿಂಗಳು ತಿಂಗಳೂ ಕ್ರೇಪ್ ಬ್ಯಾಂಡೇಜ್, ನೋವಿನ ಮುಲಾಮಿನ ಬಿಲ್. ರಾತ್ರಿ ಪಾಳಿಯ ಆಯಾ ಮೆಲ್ಲಗೆ ಹೇಳಿದರು: "ಬಿದ್ರು ಅಂತ ಬರೆದ್ರೆ ನಮಗೇ ಬೈತಾರೆ ಮೇಡಂ." ಬೈಯುವುದು ನಿಲ್ಲಿಸಿದ ಮೊದಲ ತಿಂಗಳು ದರ ಏರಿದರೆ ಹೆದರಬೇಡಿ, ಬಿದ್ದವರು ಜಾಸ್ತಿ ಆಗಿರಲಿಕ್ಕಿಲ್ಲ, ಬರೆದವರು ಜಾಸ್ತಿ ಆಗಿರುತ್ತಾರೆ. ಆದರೆ ಸೊನ್ನೆ ಕಂಡರೆ ಔಷಧಿ ಬಿಲ್ ತೆಗೆಸಿ ನೋಡಿ.