ಮಿಸ್ಸಿಂಗ್: ಹಳೇ ಕಾರಿನ ತಾಳ ತಪ್ಪಿದಾಗ

‘ಗಾಡಿ ಮಿಸ್ಸಿಂಗ್ ಹೊಡೀತೈತೆ.’ ಬಳ್ಳಾರಿಯ ಗ್ಯಾರೇಜುಗಳಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಪುಸ್ತಕದಲ್ಲಿ ಇದಕ್ಕೆ ಮಿಸ್‌ಫೈರ್ ಅಂತ ಹೆಸರು. ಎಂಜಿನ್ನಿನ ಯಾವುದೋ ಒಂದು ಸಿಲಿಂಡರಿನಲ್ಲಿ ಪೆಟ್ರೋಲು ಉರಿಯಬೇಕಾದ ಹೊತ್ತಿಗೆ ಉರಿಯದೆ ಹೋಗುವುದು, ಇಲ್ಲವೇ ಅರೆಬರೆ ಉರಿಯುವುದು. ಅಷ್ಟೇ ಅರ್ಥ.

ಬಯಲಾಟ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಮದ್ದಳೆಯ ಒಂದು ಪೆಟ್ಟು ಬೀಳದಿದ್ದರೆ ಕುಣಿಯುವವರ ಹೆಜ್ಜೆ ತಡವರಿಸುತ್ತದೆ, ಅಲ್ವಾ? ಮಾರುತಿ 800ಕ್ಕೆ ಇರುವುದು ಮೂರೇ ಸಿಲಿಂಡರು. ಎಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಒಂದೊಂದು ಸಿಲಿಂಡರೂ ಒಂದು ಸಲ ಉರಿಯಬೇಕು. ಎಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುತ್ತಿದ್ದರೆ ಪ್ರತಿಯೊಂದೂ 450 ಸಲ. ಮೂರರಲ್ಲಿ ಒಂದು ಕೈಕೊಟ್ಟರೆ ಸ್ಟೀರಿಂಗು, ಸೀಟು ಎಲ್ಲಾ ನಡುಗುತ್ತವೆ. ಪಿಕಪ್ ಬಿದ್ದುಹೋಗುತ್ತದೆ.

ಆದರೆ ಮಿಸ್ಸಿಂಗ್ ಎಂಬುದು ಲಕ್ಷಣ, ಕಾರಣ ಅಲ್ಲ. ನಾನೂ ಇದನ್ನು ದುಡ್ಡು ಕಳೆದುಕೊಂಡೇ ಕಲಿತೆ. ನನ್ನದು 1998ರ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಮಾರುತಿ. ಎರಡು ಸಲ ಕಿಡಿ ಹಾರಿಸುವ ಪ್ಲಗ್ ಬದಲಾಯಿಸಿದರು, ಒಂದು ಸಲ ಪ್ಲಗ್ ವೈರು. ಕಾರ್ಬುರೇಟರ್ ಬಿಚ್ಚಿ ತೊಳೆದರು. ಬೆಳಿಗ್ಗೆ ಚೆನ್ನಾಗಿ ಓಡುತ್ತಿತ್ತು. ತೋರಣಗಲ್ಲು ದಾಟುವ ಹೊತ್ತಿಗೆ, ಅದಿರು ಲಾರಿಗಳ ಹಿಂದೆ ನಿಂತಾಗ, ಮತ್ತೆ ಅದೇ ನಡುಕ.

ಕೊನೆಗೆ ಕೌಲ್ ಬಜಾರಿನ ಒಬ್ಬ ಹಿರಿಯ ಮೆಕಾನಿಕ್ ಹತ್ತಿರ ಹೋದೆ. ಎಲ್ಲರೂ ಅವರನ್ನು ಚಾಚಾ ಅಂತಲೇ ಕರೆಯುವುದು. ‘ಯಾವ್ದು ಸತ್ತೈತೆ ಅಂತ ಮೊದ್ಲು ನೋಡಾಣಪ್ಪ’ ಎಂದರು. ಎಂಜಿನ್ ಓಡುತ್ತಿರುವಾಗಲೇ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸಿದರು. ಮೊದಲನೇದು ಕಿತ್ತಾಗ ಎಂಜಿನ್ ಇನ್ನೂ ಕುಸಿಯಿತು. ಅಂದರೆ ಅದು ಕೆಲಸ ಮಾಡುತ್ತಿದೆ. ಎರಡನೇದೂ ಹಾಗೇ. ಮೂರನೇದು ಕಿತ್ತಾಗ ಸದ್ದು ಒಂಚೂರೂ ಬದಲಾಗಲಿಲ್ಲ. ಕಳ್ಳ ಸಿಕ್ಕ. ಆ ವೈರಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ದಯವಿಟ್ಟು ಬರಿಗೈಯಲ್ಲಿ ಮುಟ್ಟಬೇಡಿ. ಈಚಿನ ಕಾರುಗಳಲ್ಲಿ ಈ ಕೆಲಸ ಸ್ಕ್ಯಾನರ್ ಮಾಡುತ್ತದೆ, ಅದರಲ್ಲಿ ಕೋಡ್ ಬರುತ್ತದೆ: ಪಿ0301 ಅಂದರೆ ಒಂದನೇ ಸಿಲಿಂಡರು, ಪಿ0302 ಅಂದರೆ ಎರಡನೇದು. ಪಿ0300 ಬಂದರೆ ಯಾವುದೋ ಒಂದಕ್ಕೆ ಅಂಟಿಕೊಂಡಿಲ್ಲ, ಅಲ್ಲಿ ಇಲ್ಲಿ ತಪ್ಪುತ್ತಿದೆ ಎಂದರ್ಥ.

ಸಿಲಿಂಡರು ಗೊತ್ತಾದ ಮೇಲೆ ಕೇಳಬೇಕಾದ್ದು ಮೂರೇ. ಕಿಡಿ ಬರುತ್ತಿದೆಯಾ? ಪೆಟ್ರೋಲು ಮತ್ತು ಗಾಳಿ ಹದವಾಗಿ ಸೇರುತ್ತಿವೆಯಾ? ಒಳಗೆ ಕಂಪ್ರೆಷನ್, ಅಂದರೆ ಆ ಮಿಶ್ರಣವನ್ನು ಅದುಮಿದ ಒತ್ತಡ, ನಿಲ್ಲುತ್ತಿದೆಯಾ? ಚಾಚಾ ಮೂರನೇದರ ಪ್ಲಗ್ಗನ್ನು ಒಂದನೇದಕ್ಕೆ ಹಾಕಿ ನೋಡಿದರು. ತೊಂದರೆ ಪ್ಲಗ್ ಜೊತೆ ಹೋಗಲಿಲ್ಲ, ಮೂರನೇದರಲ್ಲೇ ಉಳಿಯಿತು. ಹಾಗಾಗಿ ಪ್ಲಗ್ಗಿನ ತಪ್ಪಲ್ಲ.

ಮಿಸ್ಸಿಂಗ್ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿ. ನನಗನ್ನಿಸುವಂತೆ ಅರ್ಧ ಉತ್ತರ ಅಲ್ಲೇ ಇದೆ. ಏರಿನಲ್ಲಿ, ಜಾಸ್ತಿ ಭಾರ ಎಳೆಯುವಾಗ ಮಾತ್ರ ಬಂದರೆ ಮೊದಲ ಅನುಮಾನ ಕಿಡಿಯ ಮೇಲೆ. ಮಳೆಯಲ್ಲಿ ಮಾತ್ರ ಬಂದರೆ ಪ್ಲಗ್ ವೈರು ನೋಡಿ. ಕತ್ತಲಲ್ಲಿ ಬಾನೆಟ್ ಎತ್ತಿದರೆ ಬಿರುಕಿನಿಂದ ನೀಲಿ ಕಿಡಿ ಹಾರುವುದು ಕಾಣಬಹುದು. ನಿಂತಾಗ ಬಂದು, ಆಕ್ಸಿಲರೇಟರ್ ಒತ್ತಿದರೆ ಮಾಯವಾದರೆ ಎಲ್ಲೋ ಸೀಳಿನಿಂದ ಎಂಜಿನ್ನಿನೊಳಗೆ ಬೇಡದ ಗಾಳಿ ನುಗ್ಗುತ್ತಿರಬಹುದು. 40 ಡಿಗ್ರಿ ದಾಟುವ ನಮ್ಮೂರ ಬೇಸಿಗೆಗೆ, ಎಂಜಿನ್ನಿನ ಬಿಸಿಯೂ ಸೇರಿ, ಹಳೇ ರಬ್ಬರ್ ಪೈಪುಗಳು ಗಟ್ಟಿಯಾಗಿ ಸೀಳುತ್ತವೆ.

ನನ್ನ ಕಾರಿನದು ಬೇರೆ. ತಣ್ಣಗಿದ್ದಾಗ ಸರಿ, ಕಾದ ಮೇಲೆ ಮಿಸ್ಸಿಂಗ್. ಅದು ಕೇಳಿದ್ದೇ ಚಾಚಾ ಟ್ಯಾಪೆಟ್ ಕವರ್ ಬಿಚ್ಚಿದರು. ಟ್ಯಾಪೆಟ್ ಅಂದರೆ ವಾಲ್ವನ್ನು, ಅಂದರೆ ಸಿಲಿಂಡರಿನ ಬಾಗಿಲನ್ನು, ಒತ್ತಿ ತೆರೆಯುವ ಭಾಗ. ಮೂರನೇದರಲ್ಲಿ ಟ್ಯಾಪೆಟ್ ಬಿಗಿಯಾಗಿತ್ತು, ಎರಡರ ನಡುವೆ ಬೇಕಾದಷ್ಟು ಬಿಡುವು ಇರಲಿಲ್ಲ. ಕಬ್ಬಿಣ ಕಾದರೆ ಹಿಗ್ಗುತ್ತದೆ. ವಾಲ್ವ್ ಉದ್ದವಾದಾಗ ಬಿಡುವೇ ಇಲ್ಲದಿದ್ದರೆ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಕಂಪ್ರೆಷನ್ ಸೋರಿಹೋಗುತ್ತದೆ. ಹಾಗೇ ಓಡಿಸುತ್ತಾ ಹೋದರೆ ವಾಲ್ವೇ ಸುಟ್ಟುಹೋಗುತ್ತದೆ.

ಎಂಜಿನ್ ತಣ್ಣಗಾಗುವವರೆಗೆ ಕಾದೆವು. ಸಂದು ಅಳೆಯುವ ತೆಳು ಪಟ್ಟಿ, ಅದೇ ಫೀಲರ್ ಗೇಜ್, ಹಿಡಿದು ಟ್ಯಾಪೆಟ್ ಸೆಟ್ಟಿಂಗ್ ಮಾಡಿದರು. ಹೊಸ ಪಾರ್ಟು ಒಂದನ್ನೂ ಹಾಕಲಿಲ್ಲ. ಎರಡನೇ ಸಲ ಹಾಕಿಸಿದ್ದ ಪ್ಲಗ್ಗುಗಳಲ್ಲೇ ಹೊಸಪೇಟೆಗೆ ಹೋಗಿ ಬಂದೆ, ತಾಳ ತಪ್ಪಲಿಲ್ಲ.