ಕಾಡು ಬೇರೆ, ಫಾರೆಸ್ಟ್ ಬೇರೆ

ಸಾಗರ, ಹೊಸನಗರದ ಕಡೆ ಹೋದಾಗ ಕಿವಿಗೊಟ್ಟು ಕೇಳಿ. ಮರ ಕವಿದ ಗುಡ್ಡವನ್ನು ಜನ 'ಕಾಡು' ಎನ್ನುತ್ತಾರೆ. ಎರಡು ತಲೆಮಾರಿನಿಂದ ಉತ್ತು ಬಿತ್ತಿದ, ನೆರಳಿಗೂ ಮರವಿಲ್ಲದ ಹೊಲವನ್ನು ತೋರಿಸಿ 'ಇದು ಫಾರೆಸ್ಟ್' ಎಂದು ದನಿ ತಗ್ಗಿಸುತ್ತಾರೆ. ಅವರು ತಪ್ಪು ಹೇಳುತ್ತಿಲ್ಲ. ಆ ಪದದ ಹುಟ್ಟನ್ನು ಹುಡುಕಿದರೆ ಅವರ ಮಾತೇ ನಿಜ.

ಲ್ಯಾಟಿನ್‌ನಲ್ಲಿ 'ಫೋರಿಸ್' ಎಂದರೆ ಹೊರಗೆ. 'ಫಾರಿನ್' ಕೂಡ ಇದೇ ಬೇರಿನದು. ಕಾಡಿಗೆ ಅಲ್ಲಿದ್ದ ಹೆಸರು 'ಸಿಲ್ವ'. ಫ್ರಾಂಕ್ ದೊರೆಗಳ ಕಾಲದ 'ಫೊರೆಸ್ಟಿಸ್ ಸಿಲ್ವ', ಅಂದರೆ ಹೊರಗಿನ ಕಾಡು, ಬಳಕೆಯಲ್ಲಿ ಸವೆದು ಸಿಲ್ವ ಉದುರಿತು, 'ಹೊರಗಿನ' ಎಂಬುದಷ್ಟೇ ಉಳಿಯಿತು. ನ್ಯಾಯಸ್ಥಾನ ಎಂಬ ಅರ್ಥದ 'ಫೋರಮ್'ನಿಂದ ಬಂತೆನ್ನುವ ವಿದ್ವಾಂಸರೂ ಇದ್ದಾರೆ. ಯಾವುದನ್ನು ಒಪ್ಪಿದರೂ ತಿರುಳು ಒಂದೇ: ದೊರೆ ತನಗಾಗಿ ಕಾಯ್ದಿರಿಸಿದ ನೆಲ. 1066ರ ನಂತರ ನಾರ್ಮನ್ನರ ಜೊತೆ ಇಂಗ್ಲೆಂಡಿಗೆ ಬಂದಾಗಲೂ ಅದು ಬೇಟೆಯ ಕಾನೂನು ನಡೆಯುವ ಪ್ರದೇಶದ ಹೆಸರಾಗಿತ್ತು. ಮರಗಳೇ ವಿರಳವಾದ ಡಾರ್ಟ್‌ಮೂರ್ ಬಯಲೂ ಫಾರೆಸ್ಟ್, ಒಳಗೆ ಸಿಕ್ಕಿದ ಹಳ್ಳಿಗಳೂ ಫಾರೆಸ್ಟ್. ಅಲ್ಲಿ ಹಂದಿ ಮೇಯಿಸುವ, ಸೌದೆ ತರುವ ಹಕ್ಕನ್ನು ಬರಹದಲ್ಲಿ ಪಡೆಯಲು ಜನ 1217ರ ಸನ್ನದಿನವರೆಗೆ ಕಾಯಬೇಕಾಯಿತು.

ನಮ್ಮ 'ಅರಣ್ಯ'ವೂ ದೂರದ, ಪರಕೀಯ ಎಂಬ ಅರ್ಥದ 'ಅರಣ'ದಿಂದ ಬಂದದ್ದು. ಮಲೆನಾಡಿನವರ ಬಾಯಲ್ಲಿದ್ದ ಪದಗಳ ಸ್ವಭಾವ ಬೇರೆ. ಸೊರಬದ 'ಕಾನು' ಎಂದರೆ ಮೆಣಸಿನ ಬಳ್ಳಿ ಹಬ್ಬಿದ, ಬಗನಿ ಮರವಿರುವ, ಊರಿನ ದೇವರು ಕುಳಿತ ಹಸಿರು ತೋಪು. ಅಡಿಕೆ ತೋಟಕ್ಕೆ ಅಂಟಿಕೊಂಡದ್ದು 'ಸೊಪ್ಪಿನ ಬೆಟ್ಟ'. ಮಳೆಗಾಲದಲ್ಲಿ ಅಲ್ಲಿಂದ ಹಸಿ ಸೊಪ್ಪಿನ ಹೊರೆ, ಬೇಸಿಗೆಯಲ್ಲಿ ಗುಡಿಸಿ ತಂದ ದರಕು, ಅಂದರೆ ಉದುರಿದ ಒಣ ಎಲೆ. ಎರಡೂ ಕೊಟ್ಟಿಗೆಯಲ್ಲಿ ದನದ ಕಾಲಡಿ ತುಳಿದು, ಸೆಗಣಿ ಗಂಜಲ ಹೀರಿ, ಗೊಬ್ಬರಗುಂಡಿಯಲ್ಲಿ ಕಳಿತು ಅಡಿಕೆ ಮರದ ಬುಡ ಸೇರುತ್ತಿದ್ದವು. ಮರವನ್ನು ಬುಡಸಹಿತ ಕಡಿದರೆ ಮರುವರ್ಷ ಸೊಪ್ಪಿಲ್ಲ ಎಂಬುದು ಕತ್ತಿ ಹಿಡಿದ ಕೈಗೆ ಗೊತ್ತಿತ್ತು. ಈ ಹೆಸರುಗಳಲ್ಲಿ ಕಾಡೂ ಇತ್ತು, ಮನುಷ್ಯನೂ ಇದ್ದ.

1864ರಲ್ಲಿ ಬ್ರಿಟಿಷರ ಅರಣ್ಯ ಇಲಾಖೆ, 1878ರಲ್ಲಿ ಅವರ ಕಾಯ್ದೆ, ಸ್ವಾತಂತ್ರ್ಯಾನಂತರ 1963ರ ಕರ್ನಾಟಕ ಕಾಯ್ದೆ, 1980ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆ. ಆಮೇಲೆ ಬಂದದ್ದು 1996ರ ಡಿಸೆಂಬರ್ 12. ನೀಲಗಿರಿಯ ಗೂಡಲೂರಿನ ಮರಕಡಿತದಿಂದ ಶುರುವಾದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 'ಫಾರೆಸ್ಟ್' ಪದಕ್ಕೆ ನಿಘಂಟಿನ ಅರ್ಥವನ್ನೇ ಹಿಡಿಯಬೇಕು, ಒಡೆತನ ಯಾರದೇ ಆಗಿರಲಿ, ಸರ್ಕಾರಿ ದಾಖಲೆಯಲ್ಲಿ ಹಾಗೆಂದು ಇರುವ ನೆಲಕ್ಕೂ 1980ರ ಕಾಯ್ದೆ ಅನ್ವಯಿಸುತ್ತದೆ ಎಂದಿತು. ಎಷ್ಟೋ ಕಾಡು ಅದರಿಂದ ಉಳಿಯಿತು, ಅದನ್ನು ಮರೆಯುವಂತಿಲ್ಲ. ಆದರೆ ಕಾನು, ಸೊಪ್ಪಿನ ಬೆಟ್ಟಗಳಂಥ ಪದಗಳು ಯಾವ ಇಂಗ್ಲಿಷ್ ನಿಘಂಟಿನಲ್ಲಿವೆ? ಅಲ್ಲಿಂದಾಚೆ 'ಡೀಮ್ಡ್ ಫಾರೆಸ್ಟ್', ಅಂದರೆ ಅರಣ್ಯವೆಂದು ಘೋಷಿಸದಿದ್ದರೂ ಅರಣ್ಯವೆಂದೇ ಎಣಿಸುವ ನೆಲದ ಪಟ್ಟಿ ಬಂತು, ಹಿಗ್ಗಿತು, ತಕರಾರಿಗೆ ಸಿಕ್ಕಿತು; 2022ರಲ್ಲಿ ರಾಜ್ಯ ಅದನ್ನು ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಿತು.

ಶರಾವತಿ ಮುಳುಗಡೆಯವರ ಕಥೆ ಈ ಗಂಟಿನ ನಡುವೆ ಸಿಕ್ಕಿಕೊಂಡಿದೆ. 1964ರ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಮನೆ ಬಿಟ್ಟವರಲ್ಲಿ ಅನೇಕರಿಗೆ ಸಿಕ್ಕಿದ್ದು ಅರಣ್ಯದ ನೆಲ. ಗುಡ್ಡ ಸಮಮಾಡಿ ಗದ್ದೆ ಮಾಡಿದರು. ಕಾಗದ ಮಾತ್ರ ಪೂರ್ತಿಯಾಗಲಿಲ್ಲ. 1980ರ ನಂತರ ಆ ನೆಲವನ್ನು ಬಿಡಿಸಿಕೊಡಲು ದೆಹಲಿಯ ಒಪ್ಪಿಗೆ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ ಬಾಗಿಲು ತಟ್ಟಿದರೆ, ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷ ಅಲ್ಲಿನ ಕಾಡನ್ನೇ ನಂಬಿ ಬದುಕಿದ್ದನ್ನು ತೋರಿಸಬೇಕು. ಅಂದರೆ 1930ರಿಂದ. 1930ರಲ್ಲಿ ಈ ಕುಟುಂಬಗಳು ಬಾಳುತ್ತಿದ್ದ ಮನೆ, ಗದ್ದೆ ಈಗ ಲಿಂಗನಮಕ್ಕಿಯ ನೀರಿನಡಿ ಇವೆ.