ಎಎಲ್‌ಟಿ ಇಳಿದರೆ ಲಿವರ್ ಉಳಿಯಿತು ಅಂತಲೇ?

ನೆಲನೆಲ್ಲಿ, ಕಾಲಮೇಘ, ಕಟುಕರೋಹಿಣಿ, ಗಿಡ ಯಾವುದೇ ಇರಲಿ, ಅದರ ಸಾರ ಲಿವರನ್ನು ವಿಷದಿಂದ ಕಾಪಾಡುತ್ತದಾ ಅಂತ ನೋಡುವ ಪ್ರಯೋಗದ ಚೌಕಟ್ಟು ಹೆಚ್ಚುಕಮ್ಮಿ ಒಂದೇ. ಇಲಿಗಳ ಒಂದು ಗುಂಪಿಗೆ ಬರೀ ದ್ರಾವಕ, ಇನ್ನೊಂದಕ್ಕೆ ಬರೀ ವಿಷ, ಮತ್ತೊಂದಕ್ಕೆ ವಿಷದ ಜೊತೆ ಸಿಲಿಮರಿನ್, ಉಳಿದವಕ್ಕೆ ವಿಷದ ಜೊತೆ ಬೇರೆ ಬೇರೆ ಡೋಸಿನ ಸಾರ. ಮಿಲ್ಕ್ ಥಿಸಲ್ ಎಂಬ ಗಿಡದ ಬೀಜದಿಂದ ಬರುವ, ಲಿವರ್ ರಕ್ಷಕ ಅಂತ ಹೆಸರಾದ ಸಿಲಿಮರಿನ್ ಇರುವುದು ಹೋಲಿಕೆಗೆ. ಅದೇ ಕೆಲಸ ಮಾಡದಿದ್ದರೆ ಪ್ರಯೋಗದಲ್ಲೇ ಏನೋ ಎಡವಟ್ಟಾಗಿದೆ ಅಂತ ತಿಳಿಯಬೇಕು. ವಿಷ ಕೊಡದೆ ಬರೀ ಸಾರ ಕೊಟ್ಟ ಗುಂಪೂ ಇರಬೇಕು. ಗಿಡದ್ದು ಅಂದಮಾತ್ರಕ್ಕೆ ಲಿವರ್‌ಗೆ ತೊಂದರೆ ಮಾಡಲ್ಲ ಅಂತೇನಿಲ್ಲ, ಅಲ್ವಾ?

ಆಮೇಲೆ ರಕ್ತ ತೆಗೆದು ಎಎಲ್‌ಟಿ, ಎಎಸ್‌ಟಿ ನೋಡುತ್ತಾರೆ. ನಮ್ಮ ಲ್ಯಾಬ್ ರಿಪೋರ್ಟುಗಳಲ್ಲಿ ಬರುವ ಎಸ್‌ಜಿಪಿಟಿ, ಎಸ್‌ಜಿಒಟಿ ಇವೇ. ಇವು ಜೀವಕೋಶದ ಒಳಗಿರಬೇಕಾದ ಕಿಣ್ವಗಳು. ಕೋಶದ ಪೊರೆ ಹರಿದಾಗ ರಕ್ತಕ್ಕೆ ಸೋರುತ್ತವೆ. ಎಎಸ್‌ಟಿ ಹೃದಯದಲ್ಲೂ ಸ್ನಾಯುಗಳಲ್ಲೂ ಜಾಸ್ತಿ ಇರುವುದರಿಂದ, ಲಿವರ್ ವಿಷಯಕ್ಕೆ ಎಎಲ್‌ಟಿಯನ್ನೇ ಹೆಚ್ಚು ನಂಬುತ್ತಾರೆ.

ಈಗ ಅಸಲಿ ವಿಷಯ. ಇಂಥ ಪ್ರಯೋಗಗಳಲ್ಲಿ ವಿಷ ಅಂತ ಕೊಡುವುದು ಹೆಚ್ಚಾಗಿ ಕಾರ್ಬನ್ ಟೆಟ್ರಾಕ್ಲೋರೈಡ್ ಇಲ್ಲವೇ ಮಿತಿಮೀರಿದ ಪ್ಯಾರಸಿಟಮಾಲ್. ಕಾರ್ಬನ್ ಟೆಟ್ರಾಕ್ಲೋರೈಡ್ ಇದ್ದ ಹಾಗೇ ಲಿವರನ್ನು ಕೆಡಿಸುವುದಿಲ್ಲ. ಲಿವರ್‌ನಲ್ಲಿರುವ ಸಿವೈಪಿ2ಇ1 ಎಂಬ ಕಿಣ್ವ ಅದನ್ನು ಸಿಕ್ಕಿದ್ದಕ್ಕೆಲ್ಲ ಎರಗುವ ಟ್ರೈಕ್ಲೋರೋಮೀಥೈಲ್ ರ‍್ಯಾಡಿಕಲ್ ಮಾಡುತ್ತದೆ. ಅದಕ್ಕೆ ಆಮ್ಲಜನಕ ಸೇರಿದರೆ ಇನ್ನೂ ಉಗ್ರ. ಅಲ್ಲಿಂದ ಪೊರೆಯ ಕೊಬ್ಬು ಸರಪಳಿಯಂತೆ ಕೆಡುತ್ತಾ ಹೋಗುತ್ತದೆ. ಪ್ಯಾರಸಿಟಮಾಲ್ ಕಥೆಯೂ ಹತ್ತಿರದ್ದೇ. ಮುಖ್ಯವಾಗಿ ಅದೇ ಕಿಣ್ವ ಅದರ ಒಂದು ಪಾಲನ್ನು ಎನ್‌ಎಪಿಕ್ಯೂಐ ಎಂಬ ವಿಷವಾಗಿ ಮಾಡುತ್ತದೆ. ಕೋಶದಲ್ಲೇ ಇರುವ ರಕ್ಷಕ ವಸ್ತು ಗ್ಲುಟಾಥಯೋನ್ ಅದನ್ನು ಹಿಡಿದು ನಿಷ್ಕ್ರಿಯ ಮಾಡುತ್ತಿರುತ್ತದೆ. ಡೋಸ್ ಮಿತಿಮೀರಿ ಗ್ಲುಟಾಥಯೋನ್ ಖಾಲಿಯಾದರೆ, ಎನ್‌ಎಪಿಕ್ಯೂಐ ಕೋಶದ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಮೈಟೋಕಾಂಡ್ರಿಯ ಹಾಳಾಗಿ ಕೋಶ ಸಾಯುತ್ತದೆ.

ಎರಡೂ ವಿಷಗಳು ತಯಾರಾಗುವುದು ಲಿವರ್ ಒಳಗೇ. ಸಾರ ಆ ಕಿಣ್ವವನ್ನೇ ತಡೆದುಬಿಟ್ಟರೆ? ವಿಷ ಹುಟ್ಟುವುದೇ ಇಲ್ಲ, ಎಎಲ್‌ಟಿ ಏರುವುದೂ ಇಲ್ಲ. ಟೇಬಲ್ ನೋಡಲು ಸೊಗಸಾಗಿರುತ್ತದೆ. ಆದರೆ ಮಾತ್ರೆ ಜಾಸ್ತಿ ನುಂಗಿ ಎಷ್ಟೋ ಗಂಟೆ ಕಳೆದು ಬಂದವರಿಗೆ ಇಂಥ ಸಾರದಿಂದ ಏನೂ ಪ್ರಯೋಜನವಿಲ್ಲ. ಅವರಲ್ಲಿ ಎನ್‌ಎಪಿಕ್ಯೂಐ ಆಗಲೇ ಹುಟ್ಟಿ ತನ್ನ ಕೆಲಸ ಮುಗಿಸಿರುತ್ತದೆ. ಸಾರವನ್ನು ವಾರಗಟ್ಟಲೆ ಮೊದಲೇ ಕೊಟ್ಟು ಆಮೇಲೆ ವಿಷ ಕೊಡುವ ಪ್ರಯೋಗಗಳ ದೊಡ್ಡ ಕೊರತೆ ಇದೇ ಅಂತ ನನ್ನ ಅಭಿಪ್ರಾಯ.

ಇನ್ನೊಂದು ತಮಾಷೆ ಇದೆ. ಸಾರ ಕರಗಿಸಲು ಬಳಸುವ ಡಿಎಂಎಸ್‌ಒ ತಾನೇ ಈ ಕಿಣ್ವವನ್ನು ತಡೆಯುತ್ತದೆ. ವಿಷದ ಗುಂಪಿಗೆ ಅಷ್ಟೇ ಡಿಎಂಎಸ್‌ಒ ಕೊಡದಿದ್ದರೆ ಹೆಸರು ಗಿಡಕ್ಕೆ, ಕೆಲಸ ದ್ರಾವಕದ್ದು.

ಹಾಗಾದರೆ ಪತ್ತೆ ಹಚ್ಚುವುದು ಹೇಗೆ? ಚಿಟ್ಟಿಲಿಗೆ ಪ್ಯಾರಸಿಟಮಾಲ್ ಕೊಟ್ಟ ಮೊದಲ ಅರ್ಧ ಗಂಟೆಯಲ್ಲೇ ಲಿವರ್‌ನ ಗ್ಲುಟಾಥಯೋನ್ ಕುಸಿಯುತ್ತದೆ. ಸಾರ ಕೊಟ್ಟ ಗುಂಪಿನಲ್ಲೂ ಅಷ್ಟೇ ಕುಸಿದಿದ್ದರೆ ವಿಷ ಹುಟ್ಟಿದೆ ಅಂತ ಅರ್ಥ, ರಕ್ಷಣೆ ಆಮೇಲಿನ ಹಂತದ್ದು. ಕುಸಿಯದೇ ಇದ್ದರೆ ಕಿಣ್ವದ ಮೇಲೆ ಅನುಮಾನ ಪಡಬೇಕು. 24 ಗಂಟೆ ಕಳೆದು ಸುಮ್ನೆ ಒಂದು ಸಲ ಅಳೆದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಜೊತೆಗೆ, ವಿಷ ಕೊಟ್ಟು ಕೆಲವು ಗಂಟೆಗಳ ನಂತರ ಸಾರ ಕೊಟ್ಟ ಒಂದು ಗುಂಪೂ ಬೇಕು.

ಮನುಷ್ಯನ ಲಿವರ್ ಕ್ಯಾನ್ಸರಿನಿಂದ ಬಂದ, ಲ್ಯಾಬ್‌ನಲ್ಲಿ ಬೆಳೆಸುವ ಹೆಪ್‌ಜಿ2 ಕೋಶಗಳಲ್ಲಿ ಮಾಡಿದ ಪ್ಯಾರಸಿಟಮಾಲ್ ಪ್ರಯೋಗಗಳನ್ನೂ ಹುಷಾರಾಗಿ ಓದಿ. ಆ ಕೋಶಗಳಲ್ಲಿ ಸಿವೈಪಿ2ಇ1 ತೀರಾ ಕಡಿಮೆ, ಹಾಗಾಗಿ ಎನ್‌ಎಪಿಕ್ಯೂಐ ಹೆಚ್ಚು ಹುಟ್ಟುವುದೇ ಇಲ್ಲ.